ಸ್ವೆಟರ್‌ಗೆ ನೂಲು ಮನೆಯಲ್ಲೇ ಬಣ್ಣ ಹಾಕಿದ್ದು: ಹುಳಿ ಮೊದಲೋ, ಕೊನೆಗೋ

ಬೇಕಾಗಿದ್ದದ್ದು ಇಷ್ಟು. ಒಂದು ಸ್ವೆಟರ್, ಮೈ ಮತ್ತು ತೋಳು ಪೂರ್ತಿ ಒಂದೇ ನವಿಲು ನೀಲಿ, ಕುತ್ತಿಗೆ ಸುತ್ತ ಭುಜದವರೆಗೆ ಬರುವ ಪಟ್ಟಿಯಲ್ಲಿ ಮಾತ್ರ ಸಾಸಿವೆ ಹಳದಿ. ನೀಲಿ ಸಮನಾಗಿ ಕೂರಬೇಕು. ಹಳದಿ ಮಾತ್ರ ಸಮನಾಗಿ ಕೂರಲೇಬಾರದು, ಅಲ್ಲಲ್ಲಿ ಗಾಢ, ಅಲ್ಲಲ್ಲಿ ತಿಳಿ, ನಡುವೆ ಒಂದಿಷ್ಟು ಚುಕ್ಕಿ.

ಎರಡಕ್ಕೂ ಬಳಸಿದ್ದು ಒಂದೇ ಬಿಳಿ ಉಣ್ಣೆ ನೂಲು, ಒಂದೇ ಬಗೆಯ ಬಣ್ಣದ ಪುಡಿ, ಒಂದೇ ಹುಳಿ, ಅಂದರೆ ಸಿಟ್ರಿಕ್ ಆಸಿಡ್. ಬದಲಾಗಿದ್ದು ಹುಳಿ ಹಾಕಿದ ಹೊತ್ತು, ಮತ್ತೆ ಪಾತ್ರೆಯಲ್ಲಿದ್ದ ನೀರು. ಮನೆಯಲ್ಲಿ ಬಣ್ಣ ಹಾಕುವವರು ಹೆಚ್ಚಾಗಿ ಪುಡಿ ಎಷ್ಟು ಗ್ರಾಂ ಅನ್ನೋದರಲ್ಲೇ ತಲೆ ಕೆಡಿಸಿಕೊಂಡು, ಹುಳಿಯನ್ನು ನೆನಪಾದಾಗ ಒಂದು ಚಮಚ ಸುರಿದುಬಿಡುತ್ತಾರೆ. ನನ್ನ ಪ್ರಕಾರ ಬಣ್ಣ ಹಾಕುವ ಕೆಲಸದಲ್ಲಿ ಅರ್ಧ ಇರುವುದೇ ಆ ಚಮಚದಲ್ಲಿ.

ಉಣ್ಣೆ, ರೇಷ್ಮೆ, ನೈಲಾನ್ ಇವಕ್ಕೆ ಬಳಸುವುದು ಆಸಿಡ್ ಡೈ. ಹೆಸರು ಕೇಳಿ ಹೆದರಬೇಕಿಲ್ಲ, ಪುಡಿ ಸುಡುವಂಥದ್ದಲ್ಲ, ಹುಳಿ ನೀರಿನಲ್ಲಿ ಕೆಲಸ ಮಾಡುತ್ತದೆ ಅಷ್ಟೇ. ಉಣ್ಣೆ ಎಂದರೆ ನಮ್ಮ ಕೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನ್. ಹುಳಿ ಸೇರಿದಾಗ ಅದರ ಮೇಲೆ ಧನ ವಿದ್ಯುದಂಶ ಹೆಚ್ಚುತ್ತದೆ, ನೀರಿನಲ್ಲಿ ಕರಗಿದ ಬಣ್ಣದ ಕಣಕ್ಕೆ ಇರುವುದು ಋಣ ವಿದ್ಯುದಂಶ, ಹಾಗಾಗಿ ಎಳೆದುಕೊಳ್ಳುತ್ತದೆ. ಹುಳಿ ಜಾಸ್ತಿ ಇದ್ದಷ್ಟೂ, ನೀರು ಬಿಸಿ ಇದ್ದಷ್ಟೂ ಎಳೆತ ಜೋರು. ಎಳೆತ ಜೋರಾದರೆ ಬಣ್ಣ ಮೊದಲು ಯಾವ ಎಳೆಗೆ ತಾಗುತ್ತದೋ ಅಲ್ಲೇ ಕೂತುಬಿಡುತ್ತದೆ, ಹಿಂದಿರುವ ಎಳೆಗೆ ಏನೂ ಉಳಿಯುವುದಿಲ್ಲ. ಎಳೆತ ನಿಧಾನವಾದರೆ ಬಣ್ಣ ಸುತ್ತಾಡಿ ಎಲ್ಲ ಕಡೆ ಹಂಚಿಕೊಂಡು ಕೂರುತ್ತದೆ. ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ.

ಹತ್ತಿ ನೂಲು ಇದಕ್ಕೆ ಬಗ್ಗುವುದಿಲ್ಲ. ಹತ್ತಿಗೆ ಬೇರೆಯೇ ರಿಯಾಕ್ಟಿವ್ ಡೈ ಬೇಕು, ಅದಕ್ಕೆ ಹುಳಿಯಲ್ಲ, ಸೋಡಾ ಆಶ್. ಅಕ್ರಿಲಿಕ್ ಅಂತೂ ಎರಡಕ್ಕೂ ಬಗ್ಗುವುದಿಲ್ಲ. ಮೂಲೆಯಲ್ಲಿ ಬಿದ್ದಿರುವ ಲೇಬಲ್ ಇಲ್ಲದ ಉಂಡೆ ಯಾವುದು ಅಂತ ಗೊತ್ತಾಗದಿದ್ದರೆ ಒಂದು ತುಂಡನ್ನು ಚಿಮುಟದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು, ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅರ್ಧ ದಿನ ಪಾತ್ರೆ ಮುಂದೆ ನಿಂತ ಮೇಲೆ ಬಣ್ಣವೇ ಹಿಡಿಯಲಿಲ್ಲ ಅಂತ ಗೊತ್ತಾಗುವುದಕ್ಕಿಂತ ಇದು ವಾಸಿ.

ನೂಲು ಮತ್ತು ಲಡಿ

ತೆಗೆದುಕೊಂಡದ್ದು ಮೂರೆಳೆ ಹುರಿಯ ಸಾದಾ ಉಣ್ಣೆ, 100 ಗ್ರಾಮಿನ ಐದು ಲಡಿ. ನಾಲ್ಕು ನೀಲಿಗೆ, ಒಂದು ಹಳದಿಗೆ. ಮಷಿನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆಯೂ ಸಿಗುತ್ತದೆ. ಅದರಲ್ಲಿ ಎಳೆಯ ಮೇಲಿನ ಸಣ್ಣ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ, ಸಾಮಾನ್ಯವಾಗಿ ಮೇಲೊಂದು ತೆಳು ಲೇಪ ಕೊಟ್ಟಿರುತ್ತಾರೆ. ಬಣ್ಣ ಪಕ್ಕನೆ ಹಿಡಿಯುತ್ತದೆ, ಹೊಳಪೂ ಜಾಸ್ತಿ. ಆದರೆ ಪಕ್ಕನೆ ಹಿಡಿಯುವುದೇ ಸಮ ಬಣ್ಣಕ್ಕೆ ತೊಂದರೆ, ಅಲ್ವಾ? ಜೊತೆಗೆ ಒದ್ದೆಯಾದಾಗ ಜೋತುಬೀಳುತ್ತದೆ, ಉದ್ದ ತೋಳಿನ ಸ್ವೆಟರ್‌ಗೆ ಅದು ನನಗೆ ಇಷ್ಟವಿಲ್ಲ. ಸಾದಾ ಉಣ್ಣೆ ನಿಧಾನ. ಅದರ ಕಷ್ಟ ಒಂದೇ, ಅಜಾಗರೂಕತೆಯಿಂದ ಕಲಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಫೆಲ್ಟ್ ಆಗುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ.

ನೂಲು ಉಂಡೆಯಾಗಿ ಬಂದರೆ ಮೊದಲು ಲಡಿ ಮಾಡಿಕೊಳ್ಳಬೇಕು. ಕುರ್ಚಿಯ ಬೆನ್ನಿಗೆ ಸುತ್ತಿದರೂ ಸಾಕು. ಸುತ್ತುವಾಗ ಬಿಗಿ ಎಳೆಯಬೇಡಿ, ಒದ್ದೆಯಾದಾಗ ನೂಲು ಉಬ್ಬುತ್ತದೆ, ಬಿಗಿಯಾಗಿ ಸುತ್ತಿದ್ದರೆ ಒಳಗಿನ ಎಳೆಗೆ ಬಣ್ಣ ಹೋಗುವುದಿಲ್ಲ.

ಆಮೇಲೆ ಕಟ್ಟು. ನಾಲ್ಕು ಕಡೆ, ಎಂಟರ ಆಕಾರದಲ್ಲಿ, ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ. ಎಂಟರ ಆಕಾರ ಅಂದರೆ, ಲಡಿಯನ್ನು ಎರಡು ಭಾಗ ಮಾಡಿ ಕಟ್ಟುವ ದಾರವನ್ನು ಒಂದು ಭಾಗದ ಮೇಲಿಂದ, ಇನ್ನೊಂದರ ಕೆಳಗಿಂದ ತಂದು ಗಂಟು ಹಾಕುವುದು. ಹೀಗೆ ಕಟ್ಟಿದರೆ ಬಿಸಿ ನೀರಿನಲ್ಲಿ ಎಷ್ಟು ಅಲ್ಲಾಡಿದರೂ ಎಳೆಗಳು ತಮ್ಮ ಜಾಗ ಬಿಡುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಗಂಟಿನ ಅಡಿಯಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ನಾನು ಕಟ್ಟಲು ಹತ್ತಿ ದಾರವನ್ನೇ ಬಳಸುತ್ತೇನೆ, ಕಾರಣ ಸಣ್ಣದಾದರೂ ಉಪಕಾರ ದೊಡ್ಡದು. ಆಸಿಡ್ ಡೈ ಹತ್ತಿಗೆ ಹಿಡಿಯುವುದಿಲ್ಲವಲ್ಲ, ಕೊನೆಗೆ ಗಾಢ ನೀಲಿ ಲಡಿಯ ನಡುವೆ ಆ ದಾರಗಳು ಮಾತ್ರ ಮಾಸಲು ಬಿಳಿಯಾಗಿ ಎದ್ದು ಕಾಣುತ್ತವೆ. ಕತ್ತರಿ ಹಾಕುವಾಗ ಯಾವುದು ಕಟ್ಟು, ಯಾವುದು ನೂಲು ಅಂತ ಹುಡುಕಬೇಕಿಲ್ಲ.

ಒಣಗಿದ ನೂಲಿನ ತೂಕ ಬರೆದಿಟ್ಟುಕೊಂಡು, ಲಡಿಗಳನ್ನು ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿದೆ. ಅರ್ಧ ಗಂಟೆಗೆ ಕಡಿಮೆ ಬೇಡ, ರಾತ್ರಿಯಿಡೀ ಇದ್ದರೂ ನಷ್ಟವಿಲ್ಲ. ನೂಲುವಾಗ ಹಾಕಿದ ಎಣ್ಣೆ ಉಳಿದಿದ್ದರೆ ಅಲ್ಲೆಲ್ಲ ಬಣ್ಣ ಜಾರುತ್ತದೆ. ಮೇಲೆ ತೇಲುತ್ತಿದ್ದ ಲಡಿ ತಾನಾಗಿ ತಳಕ್ಕೆ ಇಳಿದರೆ ಒಳಗಿನ ಗಾಳಿ ಹೋಗಿದೆ ಅಂತ ಅರ್ಥ. ಒತ್ತಿದಾಗ ಗುಳ್ಳೆ ಬರುತ್ತಿದ್ದರೆ ಇನ್ನೂ ಬಿಡಿ. ಆಮೇಲೆ ಸೋಪು ಹೋಗುವ ಹಾಗೆ ಅದೇ ಬಿಸಿಯ ನೀರಿನಲ್ಲಿ ಅದ್ದಿ ತೆಗೆದೆ.

ಪುಡಿಯಿಂದ ದ್ರಾವಣ

ಪುಡಿಯನ್ನು ನೇರವಾಗಿ ಪಾತ್ರೆಗೆ ಹಾಕುವುದು ಬಿಟ್ಟು 1% ದ್ರಾವಣ ಮಾಡಿಟ್ಟುಕೊಳ್ಳಿ, ಲೆಕ್ಕ ಬಹಳ ಸುಲಭವಾಗುತ್ತದೆ. 1 ಗ್ರಾಂ ಪುಡಿಗೆ ನೀರು ಸೇರಿಸಿ ಒಟ್ಟು 100 ಮಿಲೀ ಮಾಡಿದರೆ 1% ದ್ರಾವಣ. 100 ಗ್ರಾಂ ನೂಲಿಗೆ ಇದನ್ನು 100 ಮಿಲೀ ಹಾಕಿದರೆ ಬಣ್ಣದ ಗಾಢತೆ 1%, ಅಂದರೆ ನೂಲಿನ ತೂಕದ ನೂರರಲ್ಲಿ ಒಂದು ಪಾಲು ಪುಡಿ. ಅದು ಸುಮಾರು ನಡುಮಧ್ಯದ ಬಣ್ಣ. 0.1% ಅಂದರೆ ತುಂಬ ತಿಳಿ. ಕಪ್ಪಿಗೆ 3ರಿಂದ 4% ಕೂಡ ಬೇಕಾಗುತ್ತದೆ. ಒಂದು ಗ್ರಾಮಿನ ಪುಡಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ನಂಬಿಕೊಂಡು ತೂಗಲು ಆಗುವುದಿಲ್ಲ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಬೇಕು, ಇಲ್ಲವೇ 5 ಗ್ರಾಂ ಪುಡಿಗೆ 500 ಮಿಲೀ ಮಾಡಿಕೊಳ್ಳಿ, ತಪ್ಪಿನ ಪಾಲು ಕಡಿಮೆಯಾಗುತ್ತದೆ.

ನಾನು ಇಟ್ಟುಕೊಂಡದ್ದು ನಾಲ್ಕೇ ಬಣ್ಣ: ಆಕಾಶ ನೀಲಿಯಂಥ ಟರ್ಕ್ವಾಯ್ಸ್, ಕಡು ನೇವಿ ನೀಲಿ, ಹಳದಿ, ಕೆಂಪು. ಮೊದಲು ಸ್ವಲ್ಪ ಬಿಸಿ ನೀರಲ್ಲಿ ಪುಡಿಯನ್ನು ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಕುದಿಯುವ ನೀರು ಹಾಕಿ ಕರಗಿಸಿ, ಆರಿದ ಮೇಲೆ ಅಳತೆಗೆ ತಂದೆ. ನೇವಿ ಯಾವಾಗಲೂ ಮೊಂಡು, ತಳದಲ್ಲಿ ಕಣ ಉಳಿಸಿಕೊಳ್ಳುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿದೆ. ಸೋಸದೆ ಹಾಕಿದರೆ ಕರಗದ ಒಂದೊಂದು ಕಣವೂ ನೂಲಿನ ಮೇಲೆ ಒಂದೊಂದು ಕಪ್ಪು ಚುಕ್ಕಿ.

ಪುಡಿ ತೆರೆಯುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ತೂಗುವ ಜಾಗದಲ್ಲಿ ಬಿಳಿ ಟಿಶ್ಯೂ ಒದ್ದೆ ಮಾಡಿ ಹಾಸಿ ನೋಡಿ. ಕಣ್ಣಿಗೆ ಏನೂ ಹಾರಿದ್ದು ಕಾಣಲಿಲ್ಲ ಅಂದುಕೊಂಡು ಡಬ್ಬಿ ಮುಚ್ಚುವಷ್ಟರಲ್ಲಿ ಅದರ ಮೇಲೆ ನೀಲಿ ಚುಕ್ಕಿಗಳು ಒಂದೊಂದಾಗಿ ಅರಳುತ್ತವೆ, ತಕ್ಕಡಿಯಿಂದ ಒಂದು ಮೊಳ ದೂರದಲ್ಲೂ. ಅದೇ ಪುಡಿ ಮೂಗಿಗೂ ಹೋಗುತ್ತದೆ. ಇದಕ್ಕೆ ಬಳಸಿದ ಪಾತ್ರೆ, ಚಮಚ, ಥರ್ಮಾಮೀಟರ್ ಯಾವುದೂ ಮತ್ತೆ ಅಡುಗೆಗೆ ಬೇಡ. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಹುಳಿಯ ಜೊತೆ ಸೇರಿ ಕೆಲಸ ಕೆಡಿಸುತ್ತದೆ.

ಐದೈದು ಗ್ರಾಮಿನ ಮಾದರಿ

ದೊಡ್ಡ ಪಾತ್ರೆ ಒಲೆಗೆ ಏರಿಸುವ ಮೊದಲು ಪುಟ್ಟ ಮಾದರಿಗಳು. ಗಾಢತೆ 1.5% ಅಂತ ಇಟ್ಟುಕೊಂಡರೆ 5 ಗ್ರಾಂ ನೂಲಿಗೆ ಒಟ್ಟು 7.5 ಮಿಲೀ ದ್ರಾವಣ, ಸಿರಿಂಜಿನಲ್ಲಿ ಅಳೆದೆ. ನೇವಿ ಎಲ್ಲದರಲ್ಲೂ ನೂರಕ್ಕೆ 25 ಪಾಲು. ಹಳದಿ ಮಾತ್ರ ಒಂದರಲ್ಲಿ 10, ಇನ್ನೊಂದರಲ್ಲಿ 15, ಮತ್ತೊಂದರಲ್ಲಿ 20, ಮಿಕ್ಕಿದ್ದು ಟರ್ಕ್ವಾಯ್ಸ್. ಗಾಜಿನ ಬಾಟಲಿಗಳಲ್ಲಿ ಹಾಕಿ ಎಲ್ಲವನ್ನೂ ಒಂದೇ ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟರಾಯಿತು. ಗಾಜು ತಳಕ್ಕೆ ನೇರ ತಾಗದಂತೆ ಅಡಿಯಲ್ಲಿ ಒಂದು ಬಟ್ಟೆ ಹಾಕಿ.

ಒದ್ದೆ ನೂಲು ನೋಡಿ ತೀರ್ಮಾನ ಮಾಡಬಾರದು, ಒಣಗಿದ ಮೇಲೆ ಬಣ್ಣ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಕಿಟಕಿ ಬೆಳಕಿನಲ್ಲೂ ನೋಡಿ, ರಾತ್ರಿ ದೀಪದಲ್ಲೂ ನೋಡಿ. 10 ಪಾಲು ಹಳದಿಯ ಮಾದರಿ ಹಗಲಲ್ಲಿ ಚೆನ್ನಾಗಿತ್ತು, ದೀಪದಡಿಯಲ್ಲಿ ಬರೀ ನೀಲಿ. 20ರದ್ದು ಹಸಿರಿನ ಕಡೆ ವಾಲಿತ್ತು. 15 ಎರಡು ಬೆಳಕಲ್ಲೂ ತನ್ನ ಮುಖ ಉಳಿಸಿಕೊಂಡಿತು, ಅದೇ ಗಟ್ಟಿಯಾಯಿತು.

ಹಾಗಾದರೆ 400 ಗ್ರಾಂ ನೂಲಿಗೆ 1.5% ಎಂದರೆ 6 ಗ್ರಾಂ ಪುಡಿ, ದ್ರಾವಣದ ಲೆಕ್ಕದಲ್ಲಿ 600 ಮಿಲೀ. ಅದರಲ್ಲಿ ಟರ್ಕ್ವಾಯ್ಸ್ 360, ನೇವಿ 150, ಹಳದಿ 90.

ನೀಲಿ: ಹುಳಿ ಕೊನೆಗೆ

ಸಮ ಬಣ್ಣಕ್ಕೆ ಲಡಿಗಳು ಈಜಾಡುವಷ್ಟು ನೀರು ಬೇಕು. ನೂಲಿನ ತೂಕದ 30 ಪಟ್ಟು ಅಂತ ಇಟ್ಟುಕೊಂಡು 12 ಲೀಟರ್ ಹಾಕಿದೆ, ಪಾತ್ರೆ ಇನ್ನೂ ದೊಡ್ಡದು. ನಾಲ್ಕು ಲಡಿಯೂ ಒಂದೇ ಪಾತ್ರೆಯಲ್ಲಿ, ಒಟ್ಟಿಗೆ. ಎರಡೆರಡಾಗಿ ಹಾಕಿದರೆ ಎಷ್ಟೇ ಅಳೆದು ಹಾಕಿದರೂ ಎರಡು ಜೊತೆ ಪೂರ್ತಿ ಹೊಂದುವುದಿಲ್ಲ, ಸ್ವೆಟರ್‌ನ ಮೈ ಒಂದು ನೀಲಿ, ತೋಳು ಇನ್ನೊಂದು ನೀಲಿ.

ನೀರು 40 ಡಿಗ್ರಿ ಇರುವಾಗ ದ್ರಾವಣ ಪೂರ್ತಿ ಸುರಿದು ಕಲಕಿ, ಆಮೇಲೆ ಒದ್ದೆ ಲಡಿಗಳನ್ನು ಇಳಿಸಿದೆ. ಹುಳಿ ಈಗ ಬೇಡ. ಉರಿ ಸಣ್ಣ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಏರುವ ಹಾಗೆ. ಇದಕ್ಕಿಂತ ಅವಸರ ಮಾಡಿದರೆ ಪಾತ್ರೆಯ ತಳದಲ್ಲಿರುವ ನೂಲು ಮೊದಲು ಬಿಸಿಯಾಗಿ ಬಣ್ಣ ಎಳೆದುಕೊಳ್ಳುತ್ತದೆ. ಐದಾರು ನಿಮಿಷಕ್ಕೊಮ್ಮೆ ಕೋಲಿನಲ್ಲಿ ಲಡಿಯನ್ನು ಎತ್ತಿ, ಮೇಲಿನದನ್ನು ಕೆಳಗೆ ಮಾಡಿ ಇಳಿಸುವುದು. ಕಲಕುವುದಲ್ಲ, ಎತ್ತಿ ಇಳಿಸುವುದು. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಫೆಲ್ಟ್ ಗ್ಯಾರಂಟಿ. ಬಿಸಿ ತಪ್ಪಿಸಲು ಆಗದಿದ್ದಾಗ ಮಿಕ್ಕ ಎರಡನ್ನು ದೂರ ಇಡಬೇಕು.

50 ಡಿಗ್ರಿವರೆಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಲಡಿ ಎತ್ತಿದರೆ ಬಣ್ಣ ನೀರಿನ ಜೊತೆ ಇಳಿದುಹೋಗುತ್ತಿತ್ತು. 60 ದಾಟಿದ ಮೇಲೆ ನೂಲು ನಿಧಾನವಾಗಿ ಹಿಡಿಯಲು ಶುರು ಮಾಡಿತು. ಹುಳಿ ಹಾಕದಿದ್ದರೂ ಬಿಸಿಗೇ ಒಂದಿಷ್ಟು ಬಣ್ಣ ಹೋಗುತ್ತದೆ. ಈ ಹೊತ್ತಿನಲ್ಲಿ ನೂಲಿನ ಬಣ್ಣ ನೋಡಿದರೆ ಎದೆ ಝಲ್ ಎನ್ನುತ್ತದೆ. ನವಿಲು ನೀಲಿ ಎಲ್ಲಿದೆ? ಕೈಯಲ್ಲಿರುವುದು ಮಂಕು ಹಸಿರು, ಪಾಚಿ ಬಣ್ಣ. ಕಾರಣ ಏನೆಂದರೆ ಬೆರೆಸಿದ ಬಣ್ಣಗಳೆಲ್ಲ ಒಂದೇ ವೇಗದಲ್ಲಿ ನೂಲಿಗೆ ಹೋಗುವುದಿಲ್ಲ. ಹಳದಿ, ನೇವಿ ಮುಂದೆ ಓಡಿದವು, ಟರ್ಕ್ವಾಯ್ಸ್ ಹಿಂದೆ ಉಳಿಯಿತು. ಟರ್ಕ್ವಾಯ್ಸ್ ಸೋಮಾರಿ ಅಂತ ಬಣ್ಣ ಹಾಕುವವರಿಗೆಲ್ಲ ಗೊತ್ತು, ಆದರೂ ಪ್ರತಿ ಸಲ ಇನ್ನೊಂದು 50 ಮಿಲೀ ಸುರಿಯೋಣ ಅಂತ ಕೈ ತುರಿಸುತ್ತದೆ. ಸುರಿಯಬೇಡಿ. ಅಳೆದು ಹಾಕಿದ್ದು ಪಾತ್ರೆಯಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ.

80 ಡಿಗ್ರಿಗೆ ಹುಳಿ. 100 ಗ್ರಾಂ ನೂಲಿಗೆ 3 ಗ್ರಾಮಿನಂತೆ 12 ಗ್ರಾಂ ಸಿಟ್ರಿಕ್ ಆಸಿಡ್ಡನ್ನು ಒಂದು ಲೋಟ ಬಿಸಿ ನೀರಿನಲ್ಲಿ ಕರಗಿಸಿ ಮೂರು ಭಾಗ ಮಾಡಿಕೊಂಡಿದ್ದೆ. ಪ್ರತಿ ಭಾಗಕ್ಕೂ ಲಡಿಗಳನ್ನು ಪೂರ್ತಿ ಮೇಲೆತ್ತಿ, ಹುಳಿ ಸುರಿದು, ನೀರನ್ನು ಚೆನ್ನಾಗಿ ಕಲಕಿ, ಆಮೇಲೆ ಲಡಿ ಇಳಿಸಿ ಹತ್ತು ನಿಮಿಷ ಬಿಡುವುದು. ಲಡಿಯ ಮೇಲೆಯೇ ಹುಳಿ ಬಿದ್ದರೆ ಬಿದ್ದ ಜಾಗ ಗಾಢವಾಗುತ್ತದೆ. ಎಲ್ಲ ಮುಗಿದ ಮೇಲೆ ನೀರು ಎಷ್ಟು ಹುಳಿ ಅಂತ ತೋರಿಸುವ ಪಿಎಚ್ ಪೇಪರ್ ಅದ್ದಿದೆ, 4 ಮತ್ತು 5ರ ನಡುವೆ ಬಂತು. ಅದೇ ಬೇಕಾಗಿದ್ದದ್ದು. ನಿಮ್ಮ ನೀರು ಗಡಸಾಗಿದ್ದರೆ ಇನ್ನೂ ಸ್ವಲ್ಪ ಹುಳಿ ಬೇಕಾಗಬಹುದು, ಅದಕ್ಕೇ ಚಮಚದ ಲೆಕ್ಕಕ್ಕಿಂತ ಪೇಪರ್ ಮಾತು ಕೇಳುವುದು ಒಳ್ಳೆಯದು. ಸಿಟ್ರಿಕ್ ಇಲ್ಲದಿದ್ದರೆ ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಮನೆಯೆಲ್ಲ ವಾಸನೆ ಅನ್ನುವುದು ಬಿಟ್ಟರೆ.

ಆಮೇಲೆ 90 ಡಿಗ್ರಿಯಲ್ಲಿ ನಲವತ್ತು ನಿಮಿಷ. ಕುದಿ ಬರಬಾರದು, ಗುಳ್ಳೆಗಳೇ ನೂಲನ್ನು ಉಜ್ಜಿ ಹಾಕುತ್ತವೆ.

ಬಣ್ಣ ಎಷ್ಟು ಹೋಗಿದೆ ಅಂತ ನೋಡಲು ಬಿಳಿ ಪಿಂಗಾಣಿ ಚಮಚ ಇಟ್ಟುಕೊಂಡಿದ್ದೇನೆ. ಪಾತ್ರೆಯನ್ನು ಮೇಲಿಂದ ನೋಡಿದರೆ ಏನೂ ತಿಳಿಯುವುದಿಲ್ಲ, ನೂಲಿನ ಬಣ್ಣವೇ ನೀರಿನ ಬಣ್ಣದ ಹಾಗೆ ಕಾಣುತ್ತದೆ. ಚಮಚದಲ್ಲಿ ತೆಗೆದರೆ ನಿಜ ಗೊತ್ತಾಗುತ್ತದೆ. ಹುಳಿ ಹಾಕುವ ಮೊದಲು ಚಮಚದ ತಳ ಕಾಣುತ್ತಿರಲಿಲ್ಲ. ಮೊದಲ ಭಾಗ ಹುಳಿಯ ನಂತರ ನೀರಿನಲ್ಲಿ ಹಸಿರು ಛಾಯೆಯೇ ಇಲ್ಲ, ಬರೀ ನೀಲಿ. ನಲವತ್ತು ನಿಮಿಷ ಮುಗಿದಾಗ ಚಮಚದಲ್ಲಿ ತೆಳುವಾದ ಆಕಾಶ ನೀಲಿ, ತಳದ ಗೀರೂ ಕಾಣಿಸುತ್ತಿತ್ತು. ನೇವಿ, ಹಳದಿ ಎರಡೂ ಖಾಲಿ, ಉಳಿದಿದ್ದು ಆ ಸೋಮಾರಿ ಮಾತ್ರ. ಇನ್ನೊಂದು 4 ಗ್ರಾಂ ಸಿಟ್ರಿಕ್ ಕರಗಿಸಿ ಹಾಕಿ, ಇನ್ನೊಂದು ಕಾಲು ಗಂಟೆ ಬಿಸಿಯಲ್ಲಿ ಇಟ್ಟು, ಒಲೆ ಆರಿಸಿ ಮುಚ್ಚಿಬಿಟ್ಟೆ. ರಾತ್ರಿಯಿಡೀ ಅದೇ ನೀರಲ್ಲಿ ಆರಿತು. ಬೆಳಿಗ್ಗೆ ಚಮಚದಲ್ಲಿ ನೀರು ಹೆಚ್ಚುಕಡಿಮೆ ತಿಳಿ, ನೀಲಿಯ ಸುಳಿವು ಮಾತ್ರ. ಟರ್ಕ್ವಾಯ್ಸ್ ವಿಷಯದಲ್ಲಿ ಇದಕ್ಕಿಂತ ತಿಳಿ ಆಗಬೇಕು ಅಂತ ಹಟ ಹಿಡಿಯುವುದು ವ್ಯರ್ಥ.

ರಾತ್ರಿ ಬಿಡುವುದರಿಂದ ಇನ್ನೊಂದು ಲಾಭ, ಬಿಸಿ ನೂಲನ್ನು ತಣ್ಣೀರಿಗೆ ಹಾಕುವ ಪ್ರಶ್ನೆಯೇ ಬರುವುದಿಲ್ಲ. ತೊಳೆಯುವ ನೀರು ಪಾತ್ರೆ ನೀರಿನಷ್ಟೇ ಬಿಸಿ ಅಥವಾ ತಂಪು ಇರಬೇಕು. ಹಿಂಡಬೇಡಿ, ಒತ್ತಿ ನೀರು ಇಳಿಸಿ, ಟವೆಲ್‌ನಲ್ಲಿ ಸುತ್ತಿ ಮೇಲೆ ಒತ್ತಿ, ನೆರಳಲ್ಲಿ ನೇತುಹಾಕಿ. ಒದ್ದೆ ಲಡಿಗೆ ತೂಕ ಕಟ್ಟಿ ನೇತುಹಾಕುವವರಿದ್ದಾರೆ, ನೂಲು ಆಗ ಉದ್ದವಾಗಿ ಕಾಣುತ್ತದೆ, ಆಮೇಲೆ ಸ್ವೆಟರ್ ಒಗೆದಾಗ ತನ್ನ ಅಳತೆಗೆ ವಾಪಸ್ ಬಂದು ಕುಗ್ಗುತ್ತದೆ. ಬೇಡ.

ಒಣಗಿದ ಮೇಲೆ ಲಡಿ ಬಿಡಿಸಿ ನೋಡಿದರೆ ನೀಲಿ ಸಮನಾಗಿ ಕೂತಿದೆ. ಹಾಗಂತ ಬಣ್ಣ ಬಳಿದ ಗೋಡೆಯ ಸಮವಲ್ಲ, ಹತ್ತಿರದಿಂದ ನೋಡಿದರೆ ಸಣ್ಣ ಏರಿಳಿತ ಇದೆ, ಹೆಣೆದ ಮೇಲೆ ಬಟ್ಟೆಗೆ ಒಂದು ಆಳ ಕೊಡುವಷ್ಟು.

ಹಳದಿ: ಹುಳಿ ಮೊದಲು

ಇಲ್ಲಿ ಎಲ್ಲ ತಿರುವುಮುರುವು. ಲಡಿಯನ್ನು ನೆನೆಸುವ ನೀರಿಗೇ ಸಿಟ್ರಿಕ್ ಹಾಕಿದೆ, ಅಂದರೆ ಬಣ್ಣ ಬರುವ ಮೊದಲೇ ನೂಲಿಗೆ ಹಸಿವು. ಅಗಲವಾದ ತಟ್ಟೆಯಂಥ ಪಾತ್ರೆ, ಅದರಲ್ಲಿ ಎರಡು ಬೆರಳಿನಷ್ಟು ನೀರು, ಲಡಿ ಅರ್ಧ ಮುಳುಗಿ ಅರ್ಧ ಮೇಲಿರುವ ಹಾಗೆ. ಮೊದಲೇ 85 ಡಿಗ್ರಿಗೆ ಬಿಸಿ ಮಾಡಿಕೊಂಡೆ.

ಸಾಸಿವೆ ಬಣ್ಣಕ್ಕೆ ಹಳದಿ 88 ಮಿಲೀ, ಕೆಂಪು 8, ನೇವಿ 4. ಬರೀ ಹಳದಿ ಹಾಕಿದರೆ ಕಣ್ಣು ಕುಕ್ಕುತ್ತದೆ. ಕೆಂಪು ಅದಕ್ಕೆ ಬಿಸುಪು ಕೊಡುತ್ತದೆ, ನೇವಿ ಹೊಳಪು ತಗ್ಗಿಸುತ್ತದೆ. ಈ 4 ಮಿಲೀ ನೇವಿಯನ್ನು ಕಣ್ಣಂದಾಜಿನಲ್ಲಿ ಹಾಕಲು ಹೋಗಬೇಡಿ, ಒಂದೆರಡು ಮಿಲೀ ಹೆಚ್ಚಾದರೂ ಹಳದಿ ಹಸಿರಾಗಿ ಕೂರುತ್ತದೆ.

ಮಿಶ್ರಣದ ಅರ್ಧವನ್ನು ಲಡಿಯ ಒಂದು ಬದಿಗೆ ನೇರವಾಗಿ ಸುರಿದೆ. ಬಿದ್ದ ಜಾಗದಲ್ಲೇ ಹಿಡಿಯಿತು, ಒಂದೆರಡು ನಿಮಿಷದಲ್ಲಿ ಸುತ್ತಲಿನ ನೀರು ತಿಳಿಯಾಯಿತು. ಕೋಲು ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುವುದೇ ಇಲ್ಲಿ ಕಷ್ಟದ ಕೆಲಸ. ಆಮೇಲೆ ಇನ್ನರ್ಧಕ್ಕೆ ಅಷ್ಟೇ ನೀರು ಬೆರೆಸಿ ತೆಳು ಮಾಡಿ ಬೇರೆ ಜಾಗಗಳಿಗೆ ಸುರಿದೆ, ಒಂದೆರಡು ಕಡೆ ಬಿಳಿ ಹಾಗೇ ಬಿಟ್ಟೆ. ಲಡಿಯನ್ನು ಮೆಲ್ಲಗೆ ಮಗುಚಿದಾಗ ಕೆಳಬದಿ ಮೇಲಿನಷ್ಟು ಬಣ್ಣ ಕಂಡಿರಲಿಲ್ಲ, ಅಲ್ಲಿಗೆ ಉಳಿದ ಸ್ವಲ್ಪ. ಅರ್ಧ ಗಂಟೆ ಅದೇ ಬಿಸಿ, ಆಮೇಲೆ ಆರಲು ಬಿಟ್ಟೆ.

ಚುಕ್ಕಿಗೆ ಬೇರೆ ಉಪಾಯ. ಆರಿದ ಲಡಿಯ ನೀರು ಒತ್ತಿ ತೆಗೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಒಣ ನೇವಿ ಪುಡಿಯನ್ನು ಅದರ ಹತ್ತಾರು ಪಟ್ಟು ಉಪ್ಪಿನ ಜೊತೆ ಬೆರೆಸಿ, ಟೀ ಸೋಸುವ ಜಾಲರಿಯಿಂದ ಎತ್ತರದಿಂದ ಉದುರಿಸಿದೆ. ಉಪ್ಪು ಯಾಕೆಂದರೆ ಬರೀ ಪುಡಿಯನ್ನು ಕಡಿಮೆ ಉದುರಿಸುವುದು ಯಾರ ಕೈಯಲ್ಲೂ ಸಾಧ್ಯವಿಲ್ಲ. ಮಾಸ್ಕ್ ಮತ್ತೆ ಹಾಕಿ, ಇಲ್ಲಿ ಪುಡಿ ಹಾರುವುದು ಖಚಿತ. ನೂಲು ತುಂಬ ಒದ್ದೆ ಇದ್ದರೆ ಚುಕ್ಕಿ ಹರಡಿ ಮಚ್ಚೆಯಾಗುತ್ತದೆ. ಹಿಡಿದರೆ ತೇವ ತಾಗಬೇಕು, ಒತ್ತಿದರೆ ಹನಿ ಬೀಳಬಾರದು, ಅಷ್ಟಿರಲಿ.

ಹಾಳೆಯನ್ನು ಮಡಚಿ, ಹಬೆಯಲ್ಲಿ ಅರ್ಧ ಗಂಟೆ. ತೆರೆದಾಗ ಒಂದೊಂದು ಚುಕ್ಕಿಯ ನಡುವೆ ಕಡು ನೀಲಿ, ಅಂಚಿನಲ್ಲಿ ಹಳದಿ ಜೊತೆ ಸೇರಿ ಎಲೆ ಹಸಿರು. ನೇವಿಯಲ್ಲಿ ಬೆರೆತ ಬಣ್ಣಗಳೂ ಇರುತ್ತವೆ, ಕೆಲವು ಚುಕ್ಕಿಗಳ ಸುತ್ತ ನೇರಳೆ ಎಳೆ ಬಿಟ್ಟಿತ್ತು. ಬೆರೆತ ಬಣ್ಣಗಳು ಹೀಗೆ ಬೇರೆ ಬೇರೆಯಾಗುವುದು ಪಾತ್ರೆಯಲ್ಲಿ ಸಮ ಬಣ್ಣಕ್ಕೆ ಕಾಟ, ಇಲ್ಲಿ ಅದೇ ಚೆಂದ.

ಹೆಣೆಯುವ ಮುಂಚೆ

ಗಾಢ ನೀಲಿ ಪಕ್ಕದಲ್ಲಿ ತಿಳಿ ಹಳದಿ ಬರುವ ಸ್ವೆಟರ್‌ನಲ್ಲಿ ನೀಲಿ ಬಣ್ಣ ಬಿಟ್ಟರೆ ಮುಗಿಯಿತು. ಹಾಗಾಗಿ ಪರೀಕ್ಷೆ: ನೀಲಿ ನೂಲಿನ ಒಂದು ತುಂಡನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ಮಡಿಕೆಯಲ್ಲಿ ಇಟ್ಟು, ಮೇಲೆ ಭಾರ ಹೇರಿ ಒಣಗಲು ಬಿಟ್ಟೆ. ಬಟ್ಟೆಯ ಮೇಲೆ ತೆಳು ನೀಲಿ ಗೆರೆ ಬಂತು. ನಿರೀಕ್ಷಿಸಿದ್ದೇ, ಎಳೆಗೆ ಅಂಟದೆ ನಡುವೆ ಸಿಕ್ಕಿಕೊಂಡ ಟರ್ಕ್ವಾಯ್ಸ್ ಅದು. ಇದಕ್ಕೆ ತೊಳೆಯುತ್ತಲೇ ಕೂರುವುದಕ್ಕಿಂತ ಮತ್ತೆ ಒಲೆಗೆ ಏರಿಸುವುದು ಲೇಸು. ಬಣ್ಣವಿಲ್ಲದ ಬಿಸಿ ಹುಳಿ ನೀರಿನಲ್ಲಿ ನಾಲ್ಕೂ ಲಡಿಯನ್ನು ಇನ್ನೊಂದು ಅರ್ಧ ಗಂಟೆ 90 ಡಿಗ್ರಿಯಲ್ಲಿ ಇಟ್ಟು, ಆರಿಸಿ, ತೊಳೆದೆ. ಮುಂದಿನ ಬಟ್ಟೆಯ ತುಂಡು ಬಿಳಿಯಾಗಿಯೇ ಒಣಗಿತು. ವಿನೆಗರ್‌ನಲ್ಲಿ ಬರೀ ಅದ್ದಿಟ್ಟರೆ ಬಣ್ಣ ನಿಲ್ಲುತ್ತದೆ ಅನ್ನುವ ಮಾತು ಕೇಳಿರಬಹುದು. ಬಿಸಿ ಇಲ್ಲದ ಹುಳಿ ಆ ಕೆಲಸ ಮಾಡುವುದಿಲ್ಲ.

ಹೆಣಿಗೆಯ ಮಾದರಿ ಚೌಕವನ್ನು ಬಣ್ಣ ಹಾಕಿದ ನೂಲಿನಲ್ಲೇ ಹೆಣೆಯಿರಿ, ಬಿಳಿಯಲ್ಲಿ ಹೆಣೆದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಬಿಸಿ ನೀರು ಕಂಡ ನೂಲು ಉಬ್ಬಿ ಸ್ವಲ್ಪ ಗಿಡ್ಡವಾಗಿರುತ್ತದೆ. ಒಂದೇ ಪಾತ್ರೆಯಿಂದ ಬಂದಿದ್ದರೂ ಎರಡು ಲಡಿ ಒಟ್ಟಿಗೆ ಇಟ್ಟುಕೊಂಡು ಎರಡೆರಡು ಸಾಲಿಗೆ ನೂಲು ಬದಲಾಯಿಸುತ್ತಾ ಹೆಣೆಯುತ್ತಿದ್ದೇನೆ. ತಳದಲ್ಲಿದ್ದ ಲಡಿ ಒಂದು ಕೂದಲೆಳೆಯಷ್ಟು ಗಾಢ, ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟಾಗ ಕಾಣದ ವ್ಯತ್ಯಾಸ ಹೆಣೆದ ಬಟ್ಟೆಯಲ್ಲಿ ಗೆರೆಯಾಗಿ ಕೂರುತ್ತದೆ.

ಹಳದಿಗೆ ಆ ತಲೆನೋವಿಲ್ಲ. ಏರಿಳಿತದ ನೂಲಿನಲ್ಲಿ ಇರುವ ಭಯ ಬೇರೆ, ಬಣ್ಣ ಮರಳಿ ಬರುವ ಉದ್ದವೂ ಸಾಲಿನ ಉದ್ದವೂ ಹೊಂದಿಬಿಟ್ಟರೆ ಗಾಢ ಬಣ್ಣವೆಲ್ಲ ಒಂದೇ ಜಾಗದಲ್ಲಿ ಗುಡ್ಡೆ ಬೀಳುತ್ತದೆ. ಭುಜದ ಪಟ್ಟಿಯಲ್ಲಿ ಮನೆಗಳು, ಅಂದರೆ ಸೂಜಿಯ ಮೇಲಿನ ಕುಣಿಕೆಗಳು, ಕೆಲವು ಸುತ್ತಿಗೊಮ್ಮೆ ಕಡಿಮೆಯಾಗುತ್ತಾ ಹೋಗುವುದರಿಂದ ಆ ಉದ್ದ ಎಲ್ಲೂ ನಿಲ್ಲುವುದಿಲ್ಲ. ಏರಿಳಿತದ ಹಳದಿಯನ್ನು ಅಲ್ಲಿಗೇ ಇಟ್ಟಿದ್ದು ಅದಕ್ಕೇ.

ನೀಲಿ ಸಾಲದೆ ಬಂದರೆ ಏನು ಮಾಡುವುದು ಅನ್ನೋದನ್ನೂ ಬರೆದಿಡುತ್ತೇನೆ. ಮಾದರಿಯ 5 ಗ್ರಾಂ ತುಂಡು, ಪಾಲು, ನೀರು, ಹುಳಿ ಹಾಕಿದ ಡಿಗ್ರಿ ಎಲ್ಲ ಒಂದು ಕಾರ್ಡಿಗೆ ಕಟ್ಟಿಟ್ಟಿದ್ದೇನೆ, ಉಳಿದ ದ್ರಾವಣ ಮುಚ್ಚಳ ಬಿಗಿಮಾಡಿ ತಂಪು ಜಾಗದಲ್ಲಿದೆ. ಆದರೂ ಇನ್ನೊಂದು ಪಾತ್ರೆಯ ನೀಲಿ ಇದೇ ನೀಲಿ ಆಗುವುದಿಲ್ಲ, ಹತ್ತಿರ ಬರಬಹುದು ಅಷ್ಟೇ. ಆದ್ದರಿಂದ ತೋಳಿನ ತುದಿ ಮತ್ತು ಕೆಳ ಅಂಚಿನ ಪಟ್ಟಿಗಳನ್ನು ಕೊನೆಗೆ ಇಟ್ಟಿದ್ದೇನೆ. ನೂಲು ಮುಗಿದರೆ ಅವೆರಡಕ್ಕೆ ಹೊಸ ಲಡಿ, ಅದೂ 1.5% ಬದಲು 2%ಗೆ, ಬೇಕಂತಲೇ ಒಂದು ಮಟ್ಟ ಗಾಢವಾಗಿ.